ಡಿಲೀಟ್ ಕೀಲಿ ಒತ್ತುವ ಮುನ್ನ
(ಕಂಪ್ಯೂಟರ್ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಕಂಪ್ಯೂಟರ್ ತಜ್ಞನಲ್ಲ, ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದವನು. ಒಮ್ಮೆ ವಿದ್ಯಾರ್ಥಿವೇತನದ ಅರ್ಜಿದಾರರ ಪಟ್ಟಿ ನನ್ನ ಪೆನ್‌ಡ್ರೈವ್‌ನಲ್ಲಿತ್ತು. ಹಳೆಯ ಪ್ರತಿ ಎಂದುಕೊಂಡು ಹೊಸದರ ಮೇಲೆಯೇ ಡಿಲೀಟ್ ಒತ್ತಿದೆ. 'ಖಚಿತವೇ?' ಎಂದು ಕಂಪ್ಯೂಟರ್ ಕೇಳಿತು. ಓದದೆಯೇ ಎಂಟರ್ ಒತ್ತಿದೆ. ರಿಸೈಕಲ್ ಬಿನ್ ತೆರೆದರೆ ಖಾಲಿ! ಪೆನ್‌ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದೇ ಇಲ್ಲವೆಂದು ಅಂದೇ ನನಗೆ ತಿಳಿದದ್ದು. ಕಾಗದದ ಅರ್ಜಿಗಳನ್ನು ಕಟ್ಟಿಟ್ಟಿದ್ದರಿಂದ ಮೂರು ದಿನ ಕುಳಿತು ಮತ್ತೆ ಟೈಪ್ ಮಾಡಿದೆ. ಆ ಕಟ್ಟೂ ರದ್ದಿಗೆ ಹೋಗಿದ್ದರೆ ಆ ಮಕ್ಕಳ ಗತಿ?

ತಪ್ಪು ನನ್ನದೇ. ಆದರೆ ದಿನಕ್ಕೆ ಇಪ್ಪತ್ತು ಸಲ ಅದೇ ಪ್ರಶ್ನೆ ಕೇಳಿದರೆ ಉತ್ತರಿಸುವುದು ಬುದ್ಧಿಯಲ್ಲ, ಬೆರಳು. ಇದನ್ನು ಅರಿತ ಎಂಜಿನಿಯರುಗಳೂ ಇದ್ದರು. 1981ರಲ್ಲಿ ಬಂದ ಐಬಿಎಂ ಪಿಸಿಯನ್ನು ರೂಪಿಸಿದವರಲ್ಲಿ ಒಬ್ಬರಾದ ಡೇವಿಡ್ ಬ್ರಾಡ್ಲಿ, ಯಂತ್ರವನ್ನು ಮರುಚಾಲನೆ ಮಾಡಲು ಮೊದಲು ಕಂಟ್ರೋಲ್, ಆಲ್ಟ್, ಎಸ್ಕೇಪ್ ಕೀಲಿಗಳನ್ನು ಆರಿಸಿದ್ದರು. ಮೂರೂ ಎಡಗಡೆಯವು, ಕೈತಪ್ಪಿ ಒತ್ತಿಹೋಗಬಹುದು. ಹಾಗಾಗಿ ಎಸ್ಕೇಪ್ ಬದಲು ಬಲಗಡೆಯ ಡಿಲೀಟ್ ಇಟ್ಟರು. ಎರಡು ಕೈ ಬೇಕಾಯಿತು, ಆಕಸ್ಮಿಕ ತಪ್ಪಿತು.

ಇದಕ್ಕೆ ತದ್ವಿರುದ್ಧವಾದದ್ದು 'ಅನ್‌ಡೂ', ಅಂದರೆ ಮಾಡಿದ್ದನ್ನು ಹಿಂದಕ್ಕೆ ಪಡೆಯುವುದು. 1983ರಲ್ಲಿ ಬಂದ ಆಪಲ್ ಕಂಪನಿಯ ಲೀಸಾ ಕಂಪ್ಯೂಟರಿನಲ್ಲಿ ಲ್ಯಾರಿ ಟೆಸ್ಲರ್ ಅದನ್ನು ಝಡ್ ಅಕ್ಷರಕ್ಕೆ ಕೊಟ್ಟರು. ಕತ್ತರಿಸಲು ಎಕ್ಸ್, ನಕಲಿಗೆ ಸಿ, ಅಂಟಿಸಲು ವಿ ಅದರ ಪಕ್ಕದಲ್ಲೇ ಸಾಲಾಗಿವೆ. ಎಡಗೈ ಒಂದೇ ಸಾಕು. ಕೆಡಿಸುವುದು ಕಷ್ಟವಾಗಿರಲಿ, ಸರಿಪಡಿಸುವುದು ಸುಲಭವಾಗಿರಲಿ ಎಂಬ ಈ ಲೆಕ್ಕ ನನಗೆ ಬಹಳ ಹಿಡಿಸಿತು. ಮ್ಯಾಕ್‌ನಲ್ಲಿ ಇಂದಿಗೂ ಕಡತವನ್ನು ಆರಿಸಿ ಬರೀ ಡಿಲೀಟ್ ಒತ್ತಿದರೆ ಏನೂ ಆಗದು, ಜೊತೆಗೆ ಕಮಾಂಡ್ ಕೀಲಿಯೂ ಬೇಕು. ವಿಂಡೋಸ್‌ನಲ್ಲಿ ಒಂದೇ ಕೀಲಿ ಸಾಕು. ಶಿಫ್ಟ್ ಸೇರಿದರಂತೂ ಕಡತ ಬುಟ್ಟಿಗೂ ಬೀಳದೆ ನೇರ ಮಾಯ. ನಡುವೆ ಇರುವುದು ಆ ಒಂದು ಪ್ರಶ್ನೆ ಮಾತ್ರ. ಇದು ನನಗೆ ಸರಿಕಾಣುವುದಿಲ್ಲ.

ಪೆನ್‌ಡ್ರೈವ್‌ನಿಂದ ಏನಾದರೂ ಅಳಿಸಿಹೋದರೆ ಅದರಲ್ಲಿ ಬೇರೇನನ್ನೂ ಉಳಿಸಬೇಡಿ. ಹೊಸ ಬರಹ ಮೇಲೆ ಕೂರುವ ತನಕ ಹಳೆಯದು ಒಳಗೇ ಇರಬಹುದು, ಮರಳಿ ಪಡೆಯುವ ತಂತ್ರಾಂಶಗಳಿವೆ. ನನಗೆ ಅಂದು ಇದನ್ನು ಹೇಳುವವರಿರಲಿಲ್ಲ.

ಮಧ್ಯಾಹ್ನದ ತರಗತಿಯಲ್ಲಿ ಬೇಡವಾದ ಕಡತವೊಂದನ್ನು ಡೆಸ್ಕ್‌ಟಾಪ್‌ನಲ್ಲಿ ಅಳಿಸಿ, ಕಂಟ್ರೋಲ್ ಝಡ್ ಒತ್ತಿ ನೋಡಿ. ಆಮೇಲೆ ಅದನ್ನೇ ಪೆನ್‌ಡ್ರೈವ್‌ನಲ್ಲಿಟ್ಟು ಮಾಡಿ ನೋಡಿ. ಊಟಕ್ಕೆ ಹೊತ್ತಾಯಿತು.