ಜಾತ್ರೆಯ ಆರ್ಗನ್ನಿನ ಮರುಜನ್ಮ



ಜರ್ಮನಿಯ ಕಪ್ಪು ಅರಣ್ಯದ ಅಂಚಿನಲ್ಲಿ ವಾಲ್ಡ್‌ಕಿರ್ಖ್ ಎಂಬ ಪುಟ್ಟ ಊರಿದೆ. ಬ್ರೂಡರ್, ರೂತ್ ಮನೆತನಗಳು ಅಲ್ಲಿ ಜಾತ್ರೆಗಳಿಗಾಗಿ ಆರ್ಗನ್ ತಯಾರಿಸುತ್ತಿದ್ದವು. 1892ರಲ್ಲಿ ಪ್ಯಾರಿಸ್ಸಿನ ಗವಿಯೋಲಿ ಸಂಸ್ಥೆ ಈ ವಾದ್ಯಕ್ಕೆ ಹೊಸ ದಾರಿ ತೆರೆಯಿತು: ಮಡಿಸಿದ ದಪ್ಪ ರಟ್ಟಿನ ಪುಸ್ತಕದಲ್ಲಿ ರಂಧ್ರ ಕೊರೆದು ಸಂಗೀತ ಬರೆಯುವುದು. ರಟ್ಟು ಸರಿದಂತೆ ರಂಧ್ರವೊಂದು ಬರುತ್ತದೆ, ತಿದಿಯ ಗಾಳಿ ಕೊಳವೆಗೆ ನುಗ್ಗುತ್ತದೆ, ಸ್ವರ ಹೊಮ್ಮುತ್ತದೆ.

ರೇಡಿಯೋ ಇಲ್ಲದ ಆ ಕಾಲದಲ್ಲಿ ಒಪೆರಾ ಮಂದಿರದ ಟಿಕೆಟ್ಟಿಗೆ ಹಣವಿಲ್ಲದ ಕೂಲಿಕಾರರೂ ಸಂಗೀತ ರಚನಕಾರರಾದ ರೊಸ್ಸಿನಿ, ಸುಪ್ಪೆ ಅವರ ಕೃತಿಗಳನ್ನು ತಿರುಗುಕುದುರೆಗಳ ಪಕ್ಕದಲ್ಲಿ ನಿಂತು ಕೇಳಿದರು. ಶಾಸ್ತ್ರೀಯ ಸಂಗೀತ ಬಾಗಿಲು ದಾಟಿ ಬಯಲಿಗೆ ಬಂದಿತ್ತು.

ಮುಂದೆ ಧ್ವನಿವರ್ಧಕ ಬಂತು. ಎಷ್ಟೋ ಆರ್ಗನ್‌ಗಳು ಮೂಲೆ ಸೇರಿದವು, ಹುಳು ಹಿಡಿದವು. ಅವುಗಳಲ್ಲಿ ಹಲವನ್ನು ಉಳಿಸಿದವರು ಹವ್ಯಾಸಿಗಳು. ತಿದಿಗೆ ಹೊಸ ಚರ್ಮ ಹೊದಿಸಿದರು, ಒಂದೊಂದೇ ಕೊಳವೆಯ ಶ್ರುತಿ ಕೂಡಿಸಿದರು, ಹೊಸ ಕೃತಿಗಳಿಗೆ ಹೊಸ ರಟ್ಟು ಕೊರೆದರು. ಇಂದು ಇಂಗ್ಲೆಂಡಿನ ಹಬೆಯಂತ್ರಗಳ ಮೇಳಗಳಲ್ಲಿ, ವಾಲ್ಡ್‌ಕಿರ್ಖ್‌ನ ಆರ್ಗನ್ ಉತ್ಸವದಲ್ಲಿ ಅವು ಮತ್ತೆ ನುಡಿಯುತ್ತವೆ.

ಈ ಹವ್ಯಾಸಿಗಳು ವಾದ್ಯಗಳನ್ನು ಗಾಜಿನ ಹಿಂದೆ ಬಂಧಿಸಿಡಲಿಲ್ಲ, ಜನರ ನಡುವೆ ನುಡಿಸಿದರು. ಪರಂಪರೆ ಉಳಿಯುವುದು ಬಳಕೆಯಿಂದ. ನಿಮ್ಮ ಅಟ್ಟದಲ್ಲೂ ಹಳೆಯ ವಾದ್ಯವೊಂದಿದ್ದರೆ ಕೆಳಗಿಳಿಸಿ, ಬಲ್ಲವರಿಂದ ಸರಿಪಡಿಸಿ, ಮನೆಯ ಮಕ್ಕಳ ಕೈಗೆ ಕೊಡಿ.