ವರ್ಷಕ್ಕೊಮ್ಮೆ ಬರುವ ಹಣ, ತಿಂಗಳು ತಿಂಗಳೂ ಬರುವ ಖರ್ಚು
(ಉಪನ್ಯಾಸದ ಬರಹರೂಪ)



ಪರಿಸರದ ಸಭೆಯಲ್ಲಿ ಮನೆಖರ್ಚಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಕಾರಣವಿದೆ. ಅಡಿಕೆ ಬೆಳೆಗಾರನ ಮನೆಗೆ ಹಣ ಬರುವುದು ಕೊಯ್ಲು ಮುಗಿದು, ಅಡಿಕೆ ಒಣಗಿ, ಸೊಸೈಟಿಯಲ್ಲಿ ಮಾರಾಟವಾದ ಮೇಲೆ. ಎಂದರೆ ವರ್ಷದಲ್ಲಿ ಒಂದೆರಡು ಬಾರಿ. ಖರ್ಚು ಮಾತ್ರ ಹನ್ನೆರಡು ತಿಂಗಳೂ ಬಾಗಿಲಲ್ಲಿ ನಿಂತಿರುತ್ತದೆ. ಬೇಸಿಗೆಯಲ್ಲಿ ಕೈ ತುಂಬಿದ್ದಾಗ ಮದುವೆ, ಗೃಹಪ್ರವೇಶ, ಹೊಸ ವಾಹನ. ಮಳೆಗಾಲ ಹತ್ತಿರವಾದಾಗ ಶಾಲೆಯ ಶುಲ್ಕಕ್ಕೂ ಮೈಲುತುತ್ತಕ್ಕೂ ಸಾಲ.

ಕೊಳೆರೋಗ ತಡೆಯಲು ಶೇಕಡಾ 1ರ ಬೋರ್ಡೋ ದ್ರಾವಣವನ್ನು, ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಸೇರಿಸಿದ್ದನ್ನು, ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನಗಳ ತರುವಾಯ ಮತ್ತೊಮ್ಮೆ ಸಿಂಪಡಿಸಬೇಕೆಂಬುದು ನಿಮಗೆಲ್ಲ ತಿಳಿದದ್ದೇ. ಆದರೆ ಮೇ ತಿಂಗಳಲ್ಲಿ ಕೈಯಲ್ಲಿ ಹಣವಿಲ್ಲದ ಮನೆಯಲ್ಲಿ ಮೊದಲ ಸಿಂಪಡಣೆ ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಮಳೆ ಕೂರುತ್ತದೆ. ಮರ ಹತ್ತುವವರೂ ಸಿಗುವುದಿಲ್ಲ. ಕಾಯಿ ಉದುರಿದ ಮನೆಯ ದೃಷ್ಟಿ ಆಮೇಲೆ ಬೀಳುವುದು ಬೆಟ್ಟದ ಮರದ ಮೇಲೆ.

ಹಾಗಾದರೆ ಆಯವ್ಯಯವನ್ನು ಎಲ್ಲಿಂದ ಆರಂಭಿಸಬೇಕು? ಉದಾಹರಣೆಗೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತೋಟ ಒಂದು ಎಕರೆ, ಒಣ ಅಡಿಕೆ 8 ಕ್ವಿಂಟಲ್. ಪೇಟೆಯ ಧಾರಣೆ ಕ್ವಿಂಟಲಿಗೆ 40,000 ರೂಪಾಯಿ ಇದ್ದರೂ ಲೆಕ್ಕವನ್ನು 30,000ಕ್ಕೇ ಹಿಡಿಯಬೇಕು. 2000ದ ಹೊತ್ತಿನಲ್ಲಿ ಏರಿದ ಧಾರಣೆಯನ್ನು ನಂಬಿ ಸಾಲ ಮಾಡಿದವರು, ಅದರ ಬೆನ್ನಿಗೇ ಬಂದ ಕುಸಿತದಲ್ಲಿ ಪಟ್ಟ ಪಾಡನ್ನು ಇಲ್ಲಿನ ಹಿರಿಯರು ಮರೆತಿರಲಾರರು. ಆದಾಯ 2,40,000 ಎಂದಾಯಿತು. ಗೊಬ್ಬರ, ಔಷಧಿ, ಕೊಯ್ಲು, ಸುಲಿತದ ಕೂಲಿಗೆಂದು 96,000 ತೆಗೆದಿಟ್ಟರೆ ಉಳಿಯುವುದು 1,44,000, ತಿಂಗಳಿಗೆ 12,000. ಶುಲ್ಕ, ವಿಮೆ, ಹಬ್ಬ, ಮಾಡಿನ ದುರಸ್ತಿ ಮುಂತಾಗಿ ವರ್ಷಕ್ಕೊಮ್ಮೆ ಬರುವ ಖರ್ಚುಗಳು 36,000 ಎಂದಾದರೆ ಅದಕ್ಕೆ ತಿಂಗಳಿಗೆ 3,000 ಬೇರೆ ಇಡಬೇಕು. ಕೈಖರ್ಚಿಗೆ ದೊರೆಯುವುದು 9,000. ಸಾಲದ ಕಂತಿದ್ದರೆ ಅದೂ ಇದರೊಳಗೇ. ಹೆಚ್ಚಿನ ಧಾರಣೆಯಿಂದ ಬಂದ 80,000 ಕೊಳೆ ಬಂದ ವರ್ಷಕ್ಕೆ ಮೀಸಲು. ಅದನ್ನು ಮದುವೆಯ ಚಪ್ಪರಕ್ಕೆ ಮುಟ್ಟಬಾರದು. ಈ ಮಾತಿಗೆ ನನ್ನ ಮನೆಯಲ್ಲಿಯೇ ವಿರೋಧವಿದೆ, ಇರಲಿ.

ಇನ್ನು ಲೆಕ್ಕ ಬರೆಯುವವರು ಯಾರು? ಪ್ರಯೋಗದ ತಾಕುಗಳ ಇಳುವರಿಯನ್ನು ಗ್ರಾಂ ಲೆಕ್ಕದಲ್ಲಿ ಬರೆದಿಟ್ಟ ನಾನು, ಮನೆಯ ಖರ್ಚನ್ನು ಒಂದು ವರ್ಷವೂ ಪೂರ್ತಿಯಾಗಿ ಬರೆದವನಲ್ಲ. ಹಾಲಿನ ಲೆಕ್ಕ, ಕೂಲಿಯಾಳುಗಳ ಹಾಜರಿ, ಅಂಗಡಿಯ ಉದ್ರಿ ಎಲ್ಲವೂ ನನ್ನ ಹೆಂಡತಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರಿಂದಲೇ ಉಳಿದುಕೊಂಡಿವೆ. ಮನೆಯ ಆಯವ್ಯಯವನ್ನು ಗಂಡಸರು ಜಗುಲಿಯಲ್ಲಿ ಕುಳಿತು ನಿರ್ಣಯಿಸಿದರೆ ಅದು ಮೂರನೆಯ ತಿಂಗಳಿಗೆ ನಿಂತುಹೋಗುತ್ತದೆ.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ಅಂಶ. ಪಟ್ಟಣದ ಮನೆಯ ಆಯವ್ಯಯದಲ್ಲಿಲ್ಲದ ಒಂದು ಅಂಕಣ ನಮ್ಮದರಲ್ಲಿರಬೇಕು: ಹಣ ಕೊಡದೆ ಬಂದದ್ದು. ಸೊಪ್ಪು, ದರಕು, ಕಟ್ಟಿಗೆ, ಕರಡ, ಅಬ್ಬಿಯ ನೀರು, ಅಪ್ಪೆಮಿಡಿ, ಜೇನು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದದ್ದು. ಅದು ಬಳಸುವ ಹಕ್ಕೇ ಹೊರತು ಒಡೆತನವಲ್ಲ. ಈ ಅಂಕಣವನ್ನು ರೂಪಾಯಿಯಲ್ಲಿ ಬರೆಯಬೇಡಿ. ಬೆಲೆ ಬರೆದೊಡನೆ ಮಾರುವ ಯೋಚನೆ ಹುಟ್ಟುತ್ತದೆ. ಎಷ್ಟು ಹೊರೆ ಸೊಪ್ಪು, ಎಷ್ಟು ಹೊರೆ ಕಟ್ಟಿಗೆ, ಅದಕ್ಕಾಗಿ ಎಷ್ಟು ದೂರ ನಡೆದಿರಿ ಎಂದಷ್ಟೇ ಬರೆಯಿರಿ. ನಡೆಯುವ ದೂರ ವರ್ಷದಿಂದ ವರ್ಷಕ್ಕೆ ಹೆಚ್ಚಿದರೆ ಬೆಟ್ಟ ಸೋಲುತ್ತಿದೆ ಎಂದು ತಿಳಿಯಬೇಕು. ಅಂದು ಕಾಡಿನಿಂದ ಬರುತ್ತಿದ್ದುದು ನಾಳೆ ಪೇಟೆಯ ಚೀಲದಲ್ಲಿ ಬರುತ್ತದೆ, 96,000ದ ಲೆಕ್ಕ ಬೆಳೆಯುತ್ತದೆ.

ಉಪ್ಪಾಗೆಯ ಉದಾಹರಣೆ ನೋಡಿ. ಮಳೆಗಾಲದಲ್ಲಿ ಕಾಯಿ ಆಯ್ದು ಸಿಪ್ಪೆ ಒಣಗಿಸಿ ಮಾರಿದರೆ ಬಂದ ಹಣವೆಲ್ಲ ಲಾಭವೆಂದೇ ತೋರುತ್ತದೆ. ಆದರೆ ಬಿಸಿಲಿಲ್ಲದ ಆ ದಿನಗಳಲ್ಲಿ ಅದನ್ನು ಒಣಗಿಸಲು ಸುಟ್ಟ ಕಟ್ಟಿಗೆಯ ಹೊರೆಗಳನ್ನು ಪಕ್ಕದ ಅಂಕಣದಲ್ಲಿ ಬರೆದು ನೋಡಿದರೆ ಮಾತ್ರ ಸುಧಾರಿತ ಒಣಗಿಸುವ ಒಲೆಗೆ ಹಣ ಹೂಡಬೇಕೋ ಬೇಡವೋ ಎಂಬುದು ಸ್ಪಷ್ಟವಾಗುತ್ತದೆ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. 200 ಪುಟದ ಒಂದು ನೋಟುಪುಸ್ತಕದಲ್ಲಿ ಈ ತಿಂಗಳ ಲೆಕ್ಕವನ್ನು ಅಮ್ಮನನ್ನು ಕೇಳಿ ಬರೆಯಿರಿ. ಎಡಪುಟದಲ್ಲಿ ಹಣ, ಬಲಪುಟದಲ್ಲಿ ಹೊರೆ. ಮೇ ತಿಂಗಳ ಪುಟದ ತಲೆಯಲ್ಲಿ ಈಗಲೇ ಮೈಲುತುತ್ತ, ಸುಣ್ಣ, ಸಿಂಪಡಣೆಯ ಕೂಲಿ ಎಂದು ಬರೆದಿಡಿ. ಮುಂದಿನ ಸಭೆಗೆ ಪುಸ್ತಕ ತಂದರೆ ಒಟ್ಟಿಗೆ ಕುಳಿತು ನೋಡೋಣ. ನಾನೂ ನಮ್ಮ ಮನೆಯ ಕ್ಯಾಲೆಂಡರ್ ತರುತ್ತೇನೆ.