ಕರಾವಳಿಯ ಚೌಕಳಿ: ನೇಯ್ಗೆ, ಆಯ್ಕೆ, ಆರೈಕೆ

ಬಣ್ಣ ಕಟ್ಟಿದ ನೂಲನ್ನು ಹಾಸಿನಲ್ಲೂ ಹೊಕ್ಕಿನಲ್ಲೂ ಪಟ್ಟಿ ಪಟ್ಟಿಯಾಗಿ ಜೋಡಿಸಿ ನೇಯ್ದಾಗ ಮೂಡುವುದೇ ಚೌಕಳಿ ಬಟ್ಟೆ. ಹಾಸಿನಲ್ಲಿ ಕೆಂಪು, ಬಿಳಿ ನೂಲುಗಳಿದ್ದು ಹೊಕ್ಕಿನಲ್ಲೂ ಅವೇ ಬಂದರೆ ಮೂರು ಬಗೆಯ ಚೌಕಗಳಾಗುತ್ತವೆ: ಕೆಂಪು ಕೆಂಪನ್ನು ದಾಟಿದಲ್ಲಿ ಅಚ್ಚ ಕೆಂಪು, ಬಿಳಿ ಬಿಳಿಯನ್ನು ದಾಟಿದಲ್ಲಿ ಅಚ್ಚ ಬಿಳಿ, ಎರಡೂ ಕೂಡಿದಲ್ಲಿ ನಸುಗೆಂಪು. ಮೂರು ಬಣ್ಣದ ನೂಲಿಗೆ ಆರು ಛಾಯೆ, ಆರು ಬಣ್ಣಕ್ಕೆ ಇಪ್ಪತ್ತೊಂದು. ಇಷ್ಟೊಂದು ಛಾಯೆಗಳಿಗೆ ನೇಕಾರನಿಗೆ ಬೇಕಾಗುವುದು ಕೆಲವೇ ಲಡಿ ಬಣ್ಣದ ನೂಲು ಮತ್ತು ಎಳೆ ತಪ್ಪದ ಎಣಿಕೆ.

ಚೌಕಳಿಗಳಲ್ಲಿ ಲೋಕಪ್ರಸಿದ್ಧವಾದದ್ದು ಸ್ಕಾಟ್ಲೆಂಡಿನ ಉಣ್ಣೆಯ ಟಾರ್ಟನ್. ಅಲ್ಲಿನ ಗಂಡಸರು ಸೊಂಟದಿಂದ ಮಂಡಿಯವರೆಗೆ ಉಡುವ ನೆರಿಗೆಯ ಕಿಲ್ಟ್ ಇದರಿಂದಲೇ ಆಗುತ್ತದೆ. 1745ರಲ್ಲಿ ಅಲ್ಲಿ ಎದ್ದ ದಂಗೆ 1746ರಲ್ಲಿ ಸೋತ ಮೇಲೆ ಬ್ರಿಟಿಷ್ ಸರ್ಕಾರ ಗುಡ್ಡನಾಡಿನ ಗಂಡಸರಿಗೆ ಈ ಉಡುಪನ್ನೇ ನಿಷೇಧಿಸಿತು. ನಿಷೇಧ ತೆರವಾದದ್ದು 1782ರಲ್ಲಿ. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದು ಟಾರ್ಟನ್ ತೊಟ್ಟ ಬಳಿಕ ಅದು ಇಡೀ ನಾಡಿನ ಗುರುತಾಯಿತು.

ಕರ್ನಾಟಕದ ಕರಾವಳಿಯಲ್ಲೂ ಚೌಕಳಿ ಹೆಂಗಸರ ಸೀರೆಗಷ್ಟೇ ಸೀಮಿತವಲ್ಲ. ಹೆಗಲ ಮೇಲಿನ ಬೈರಾಸು, ಮನೆಯಲ್ಲಿ ಉಡುವ ಲುಂಗಿ, ಎರಡರಲ್ಲೂ ಅದಿದೆ. ಬಡಗುತಿಟ್ಟಿನ ಯಕ್ಷಗಾನದ ಪುರುಷವೇಷಕ್ಕೆ ಕಚ್ಚೆ ಹಾಕಿ ಉಡುವ ಕಸೆ ಸೀರೆಯೂ ಸಾಂಪ್ರದಾಯಿಕವಾಗಿ ದೊಡ್ಡ ಚೌಕಳಿಯದೇ. ಕೆಂಪು, ಹಳದಿ, ಕಪ್ಪು ಚೌಕಗಳು ರಂಗದ ಬೆಳಕಿನಲ್ಲಿ ದೂರದಿಂದಲೂ ಎದ್ದು ಕಾಣುತ್ತವೆ.

ಈ ಸೀಮೆಯ ನೇಯ್ಗೆ ಬಹುಕಾಲದಿಂದ ಶೆಟ್ಟಿಗಾರರೆನಿಸಿದ ಪದ್ಮಶಾಲಿಗಳ ಕುಲಕಸುಬು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುಂದಿನ ದಶಕದಲ್ಲಿ ಇಲ್ಲಿ ನೇಯ್ಗೆ ಆರಂಭಿಸಿತು. ನೇಯ್ಗೆಯಲ್ಲಿ ಪಳಗಿದ ಜಾನ್ ಹಾಲರ್ 1851ರಲ್ಲಿ ಬಂದು, ಮಂಗಳೂರಿನ ಬಿಜೈ ಬಡಾವಣೆಗೆ ಹತ್ತಿರದ ಬಲ್ಮಠದ ಕಾರ್ಖಾನೆಯಲ್ಲಿ ಯುರೋಪಿನ ಮಗ್ಗಗಳನ್ನು ಹೂಡಿಸಿದ. ಹಗ್ಗ ಎಳೆದರೆ ತಾನೇ ಓಡುವ ಲಾಳಿಯಿಂದ ಕೆಲಸ ಚುರುಕಾಯಿತು. ಜೊತೆಗೆ ಬಣ್ಣದ ಮನೆಯೂ ಬೆಳೆಯಿತು. ಹಾಲರ್ ಕಟ್ಟಿದ ಖಾಕಿ ಬಣ್ಣ ಬಲ್ಮಠದ ಹೆಸರನ್ನು ದೂರದವರೆಗೆ ಒಯ್ದಿತು. ಒಗೆದರೂ ಬಿಸಿಲಿಗಿಟ್ಟರೂ ಮಾಸದ ಬಣ್ಣವನ್ನು ನೂಲಿಗೆ ಕಟ್ಟುವ ಜಾಣ್ಮೆ ಚೌಕಳಿಗೂ ಜೀವಾಳ.

ಇಪ್ಪತ್ತನೇ ಶತಮಾನದಲ್ಲಿ ಈ ಕಸುಬಿಗೆ ಸಹಕಾರಿ ಸಂಘಗಳು ಆಸರೆಯಾದವು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ ಅವುಗಳಲ್ಲಿ ಒಂದು. ಇಂಥ ಸಂಘಗಳ ಮಗ್ಗದಿಂದ ಬರುವ ಹಗುರವಾದ ಹತ್ತಿಯ ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಕ್ಕಳು ಬೇರೆ ಉದ್ಯೋಗ ಹಿಡಿದು ಮಗ್ಗಗಳು ಒಂದೊಂದಾಗಿ ನಿಂತಿದ್ದ ಹೊತ್ತಿನಲ್ಲಿ ಕದಿಕೆ ಟ್ರಸ್ಟ್ ತಾಳಿಪಾಡಿ ಸಂಘದ ಜೊತೆಗೂಡಿ ಹೊಸಬರಿಗೆ ನೇಯ್ಗೆ ಕಲಿಸತೊಡಗಿದ್ದು ದೊಡ್ಡ ಉಪಕಾರ.

ಹೊಸ ಚೌಕಳಿ ಕೊಳ್ಳುವಾಗ ಮೊದಲು ಬಟ್ಟೆಯನ್ನು ಮಗುಚಿ ನೋಡಬೇಕು. ನೂಲಿನ ಬಣ್ಣದ ಬಟ್ಟೆಯಲ್ಲಿ ಎರಡೂ ಮೈ ಒಂದೇ ಸಮ. ಅಚ್ಚೊತ್ತಿದ ಬಟ್ಟೆಯ ಹಿಂಬದಿ ಸಾಮಾನ್ಯವಾಗಿ ಪೇಲವ. ಬಳಿಕ ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಗಾಢ ಬಣ್ಣದ ಚೌಕವೊಂದನ್ನು ಉಜ್ಜಬೇಕು. ಬಣ್ಣ ಅಂಟಿದರೆ ಮುಂದೆ ಬಿಳಿ ಚೌಕಗಳಿಗೂ ಅದು ಹರಡೀತು. ಕೊನೆಗೆ ಬೆಳಕಿಗೆ ಹಿಡಿದು ನೇಯ್ಗೆಯ ಒತ್ತು ನೋಡಬೇಕು. ಗಂಜಿಯ ಗಡಸಿಗೆ ಮೋಸಹೋಗಬಾರದು. ಮೊದಲ ಒಗೆತಕ್ಕೆ ಗಂಜಿ ಹೋಗುತ್ತದೆ, ಉಳಿಯುವುದು ನೂಲು. ನೂಲಿನ ನಂಬರು ಹೆಚ್ಚಿದಷ್ಟೂ ಎಳೆ ಸಣ್ಣ: 80ರ ನೂಲಿನ ಸೀರೆ ಸಮಾರಂಭಕ್ಕೆ, 40ರದು ದಿನಬಳಕೆಗೆ ಒಪ್ಪುತ್ತದೆ. ಕೈಮಗ್ಗದ ಗುರುತಿನ ಚೀಟಿ ಇದ್ದರೆ ಒಳ್ಳೆಯದು. ಚೌಕಗಳ ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸ ಕಂಡರೆ ಅದು ದೋಷವಲ್ಲ, ಕೈಯ ಹದ. ಕಿಲ್ಟ್‌ಗಾದರೆ ಸುಮಾರು ಎಂಟು ಗಜ ಉಣ್ಣೆ ಬಟ್ಟೆ ಬೇಕು. ನೆರಿಗೆ ಮಡಿಸಿದ ಮೇಲೂ ಚೌಕಳಿ ಕೆಡದೆ ಮುಂದುವರಿಯುತ್ತದೆಯೇ ಎಂಬುದೇ ಅದರ ಪರೀಕ್ಷೆ.

ಹಳೆಯ ಹತ್ತಿ ಚೌಕಳಿಯನ್ನು ಬೇರೆ ಬಟ್ಟೆಯೊಡನೆ ಸೇರಿಸದೆ ತಣ್ಣೀರಿನಲ್ಲಿ ಒಗೆಯಬೇಕು. ರಾತ್ರಿ ನೆನೆಹಾಕಿ ಕಿವುಚಿದ ಅಂಟುವಾಳದ ನೊರೆ ನೂಲಿಗೆ ಹಿತ. ಬ್ಲೀಚಿಂಗ್ ಪುಡಿ ಕಲೆಯ ಜೊತೆಗೆ ಬಣ್ಣವನ್ನೂ ತಿನ್ನುತ್ತದೆ. ನೀರಿಗೆ ಹಾಕುವ ಉಪ್ಪು ಆ ಹೊತ್ತಿಗೆ ಬಣ್ಣ ಬಿಡುವುದನ್ನು ತುಸು ತಡೆದೀತು, ಸಡಿಲ ಬಣ್ಣವನ್ನು ಕಾಯಂ ಕಟ್ಟಲಾರದು. ಕಲ್ಲಿಗೆ ಬಡಿಯದೆ, ಬಿಗಿಯಾಗಿ ಹಿಂಡದೆ, ಒಳಮೈ ಹೊರಗಾಗಿಸಿ ನೆರಳಲ್ಲಿ ಒಣಗಿಸಬೇಕು. ಗಂಜಿಗೆ ಬೆಳ್ತಿಗೆ ಅಕ್ಕಿಯೇ ಸರಿ. ಕುಚ್ಚಲಕ್ಕಿಯ ಕೆಂಪು ಛಾಯೆ ಬಿಳಿ ಚೌಕಗಳಿಗೆ ಇಳಿಯಬಹುದು. ಉಣ್ಣೆಯ ಕಿಲ್ಟನ್ನು ಮೊದಲು ಬ್ರಷ್‌ನಿಂದ ಧೂಳು ತೆಗೆದು ಗಾಳಿಗೆ ಹಾಕಿದರೆ ಎಷ್ಟೋ ಸಲ ಅಷ್ಟೇ ಸಾಕು. ಹೆಚ್ಚು ಕೊಳೆಯಾಗಿದ್ದರೆ ನೆರಿಗೆಗಳಿಗೆ ಉದ್ದ ಹೊಲಿಗೆ ಹಾಕಿ ಹಿಡಿಸಿ, ಉಣ್ಣೆಯ ಕೆಲಸ ಬಲ್ಲ ಡ್ರೈಕ್ಲೀನಿಂಗ್ ಅಂಗಡಿಗೆ ಕೊಡುವುದು ಕ್ಷೇಮ.

ಬಿಜೈಯಂಥ ಕರಾವಳಿಯ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಗೆ ಮುಖ್ಯ ಶತ್ರು ತೇವ. ಮಳೆಗಾಲಕ್ಕೆ ಮೊದಲೇ ಗಂಜಿ ತೆಗೆದು, ಪೂರ್ತಿ ಒಣಗಿಸಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು; ಗಂಜಿ ಉಳಿದರೆ ಬೂಸಲು ಹಿಡಿಯುತ್ತದೆ, ಬೆಳ್ಳಿಹುಳು ತಿನ್ನುತ್ತದೆ. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಕೂಡಿಡುತ್ತದೆ. ಬೂಸಲು ಕಂಡರೆ ಒಣಗಿದ ಮೇಲೆ ಮೆಲ್ಲಗೆ ಉದುರಿಸಿ ಆಮೇಲೆ ಒಗೆಯಬೇಕು. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ಗಾಳಿಯಾಡಿಸಿ ಮಡಿಕೆ ಬದಲಿಸಿದರೆ ಒಂದೇ ಗೆರೆಯಲ್ಲಿ ನೂಲು ಸವೆದು ಹರಿಯುವುದು ತಪ್ಪುತ್ತದೆ.